ತುಮಕೂರಿಗೆ ಮನೆ ಬದಲಿಸುವ ಮುನ್ನ

ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಫೆಬ್ರುವರಿ, ಮಾರ್ಚ್ ಬಂತೆಂದರೆ ಲೆಕ್ಕ ಹಾಕುವ ಕಾಲ. ಶಾಲೆಯಿಂದ ಮುಂದಿನ ವರ್ಷದ ಫೀಸಿನ ಚೀಟಿ ಬರುತ್ತದೆ. ಹನ್ನೊಂದು ತಿಂಗಳ ಕರಾರು ಮುಗಿಯುತ್ತ ಬಂದಿದ್ದರೆ ಮನೆ ಓನರು ಬಾಡಿಗೆ ಏರಿಸುವ ಮಾತೆತ್ತುತ್ತಾರೆ. ಬೋರ್‌ವೆಲ್ ನೀರು ಇಳಿದು ಟ್ಯಾಂಕರಿನವರಿಗೆ ಫೋನು ಮಾಡುವುದು ಶುರುವಾಗುತ್ತದೆ. ಈ ಮೂರೂ ಒಟ್ಟಿಗೆ ಬಂದ ಮನೆಯಲ್ಲಿ ರಾತ್ರಿ ಊಟದ ಹೊತ್ತಿಗೆ ಯಾರಾದರೊಬ್ಬರು ಅಂದೇ ಅನ್ನುತ್ತಾರೆ: “ಇಷ್ಟೆಲ್ಲ ಪಾಡು ಯಾಕೆ, ತುಮಕೂರಿಗೆ ಹೋಗಿಬಿಡೋಣ.”

ಹೀಗೆ ಅಂದವರಲ್ಲಿ ಬಹಳ ಮಂದಿ ಮಳೆ ಬಿದ್ದ ಮೇಲೆ ಮರೆತುಬಿಡುತ್ತಾರೆ. ಮರೆಯಲಾಗದವರಿಗಾಗಿ ಈ ಬರಹ.

ರಾಮನಗರ, ದೊಡ್ಡಬಳ್ಳಾಪುರ, ಕೋಲಾರ, ಹೊಸೂರು ಎಂದು ಬೆಂಗಳೂರಿನ ಸುತ್ತ ಇಂಥ ಊರುಗಳು ಇನ್ನೂ ಇವೆ. ನಾನು ತುಮಕೂರನ್ನೇ ಎತ್ತಿಕೊಂಡದ್ದಕ್ಕೆ ಕಾರಣ, ಅಕ್ಕನ ಮನೆಯಲ್ಲಿ ಬಹಳ ದಿನಗಳಿಂದ ನಡೆದಿರುವ ಚರ್ಚೆ. ಭಾವನ ಊರು ಗುಬ್ಬಿ ಕಡೆ. ಅವರ ಕಚೇರಿ ವೈಟ್‌ಫೀಲ್ಡ್‌ನಲ್ಲಿದೆ. ಅಕ್ಕ ಪಾಠ ಹೇಳುವ ಶಾಲೆ ಬಸವೇಶ್ವರನಗರದಲ್ಲಿ. ಜೊತೆಯಲ್ಲಿರುವ ಅತ್ತೆಯವರಿಗೆ ಹೃದಯದ ತೊಂದರೆ. ಮಕ್ಕಳಲ್ಲಿ ದೊಡ್ಡವಳು ಒಂಬತ್ತನೇ ತರಗತಿ, ಚಿಕ್ಕವನು ಮೂರನೆಯದು. ಹೊರಗಿನಿಂದ ನೋಡುವವರಿಗೆ ಇದು ಬಾಡಿಗೆ ಉಳಿಸುವ ಪ್ರಶ್ನೆ. ಒಳಗೆ ಕೂತು ಕೇಳಿಸಿಕೊಂಡ ನನಗೆ ಇದು ಬೇರೆಯದೇ ಪ್ರಶ್ನೆ ಎಂದು ಗೊತ್ತಾಗಿದೆ. ಮನೆಯಲ್ಲಿ ಯಾರ ಹೊತ್ತು ಉಳಿಯುತ್ತದೆ, ಯಾರ ಹೊತ್ತು ಹೋಗುತ್ತದೆ ಎಂಬುದೇ ಇಲ್ಲಿ ಮುಖ್ಯ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಇಡೀ ಬದುಕು ತುಮಕೂರಿಗೆ ಹೋಗುವುದಾದರೆ ಖಂಡಿತ ಹೋಗಬೇಕು. ಹಾಸಿಗೆ, ಪಾತ್ರೆಗಳು ಮಾತ್ರ ಅಲ್ಲಿಗೆ ಹೋಗಿ ಉಳಿದದ್ದೆಲ್ಲ ಬೆಂಗಳೂರಿನಲ್ಲೇ ಇರುವುದಾದರೆ ಹೋಗಬಾರದು.

ಅಷ್ಟಕ್ಕೂ ತುಮಕೂರು ಬೆಂಗಳೂರಿಗೆ ದುಡಿಯಲು ಹೋಗುವವರು ರಾತ್ರಿ ಬಂದು ಮಲಗುವ ಊರಲ್ಲ. ಅದಕ್ಕೆ ಅದರದೇ ಕಸುಬು, ವ್ಯಾಪಾರ, ಓದು, ರಾಜಕಾರಣ ಎಲ್ಲ ಇದೆ. 2011ರ ಜನಗಣತಿಯ ಹೊತ್ತಿಗೇ ಇಲ್ಲಿ ಮೂರು ಲಕ್ಷದ ಆಸುಪಾಸು ಜನರಿದ್ದರು. ಸಿದ್ಧಗಂಗಾ ಮಠದ ಆಶ್ರಯದಲ್ಲಿ ಓದಿ ಹೋದವರು ನಾಡಿನ ಎಲ್ಲ ಮೂಲೆಗಳಲ್ಲಿದ್ದಾರೆ. ಮಠದವರ ಎಂಜಿನಿಯರಿಂಗ್ ಕಾಲೇಜು 1963ರಷ್ಟು ಹಳೆಯದು, ವಿಶ್ವವಿದ್ಯಾಲಯ ಬಂದದ್ದು 2004ರಲ್ಲಿ. ಅಂತರಸನಹಳ್ಳಿ ಮಾರುಕಟ್ಟೆಗೆ ಸುತ್ತಲಿನ ತಾಲ್ಲೂಕುಗಳ ತರಕಾರಿ ಬರುತ್ತದೆ, ತಿಪಟೂರಿನ ಕೊಬ್ಬರಿಯ ದರ ಇಡೀ ಜಿಲ್ಲೆಯ ಮನಸ್ಸನ್ನು ಏರಿಸಿ ಇಳಿಸುತ್ತದೆ. ಎಚ್‌ಎಂಟಿ ಗಡಿಯಾರ ಕಾರ್ಖಾನೆ ಬಾಗಿಲು ಹಾಕಿದಾಗ ಊರಿನ ಒಂದು ಇಡೀ ತಲೆಮಾರು ನೊಂದಿತು. ಆ ಜಾಗ ಮುಂದೆ ಇಸ್ರೊ ಪಾಲಾಯಿತು. ವಸಂತನರಸಾಪುರದಲ್ಲಿ ಕೈಗಾರಿಕಾ ಪ್ರದೇಶ ಬೆಳೆಯುತ್ತಲೇ ಇದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಇಲ್ಲೇ ಕೆಲಸ ಸಿಕ್ಕಿ, ಇಲ್ಲೇ ಮನೆ ಮಾಡುವವರಿಗೆ ನನ್ನ ಯಾವ ಎಚ್ಚರಿಕೆಯೂ ಬೇಕಿಲ್ಲ. ಅವರು ಸಂತೋಷದಿಂದ ಬರಲಿ. ಬೆಳಗ್ಗೆ ಅಮಾನಿಕೆರೆ ಸುತ್ತ ನಡೆದು, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು, ಭಾನುವಾರ ಮಕ್ಕಳನ್ನು ದೇವರಾಯನದುರ್ಗಕ್ಕೂ ನಾಮದ ಚಿಲುಮೆಗೂ ಕರೆದೊಯ್ಯುವ ಭಾಗ್ಯ ವೈಟ್‌ಫೀಲ್ಡ್‌ನಲ್ಲಿ ಎಷ್ಟು ದುಡಿದರೂ ದೊರೆಯುವುದಿಲ್ಲ.

ತೊಡಕಿರುವುದು ಕೆಲಸವನ್ನು ಬೆಂಗಳೂರಿನಲ್ಲೇ ಬಿಟ್ಟು ಬರುವವರಿಗೆ.

ಎಪ್ಪತ್ತು ಕಿಲೋಮೀಟರಿನ ಅಳತೆ

ಬೆಂಗಳೂರಿಗೂ ತುಮಕೂರಿಗೂ ನಡುವೆ ಸುಮಾರು 70 ಕಿಲೋಮೀಟರ್. ಆದರೆ ಬೆಂಗಳೂರು ಎಂದರೆ ಯಾವ ಬೆಂಗಳೂರು? ಈ ಪ್ರಶ್ನೆ ಕೇಳದೆ ದೂರದ ಮಾತಾಡುವುದು ವ್ಯರ್ಥ. ಪೀಣ್ಯ, ದಾಸರಹಳ್ಳಿ, ಜಾಲಹಳ್ಳಿ, ಗೊರಗುಂಟೆಪಾಳ್ಯ ಇವೆಲ್ಲ ತುಮಕೂರು ರಸ್ತೆಯ ಮೇಲೆಯೇ ಇರುವ ಜಾಗಗಳು. ಅಲ್ಲಿನ ಕಾರ್ಖಾನೆಗೆ ಹೋಗುವವರು ಬಸ್ಸು ಹತ್ತಿದರೆ ನೇರ ಗೇಟಿನ ಹತ್ತಿರವೇ ಇಳಿಯುತ್ತಾರೆ. ಯಶವಂತಪುರ, ಮಲ್ಲೇಶ್ವರ, ರಾಜಾಜಿನಗರದಲ್ಲಿ ಕೆಲಸ ಇರುವವರಿಗೂ ವಿಧಾನಸೌಧದ ಸುತ್ತಲಿನ ಸರ್ಕಾರಿ ಕಚೇರಿಗಳವರಿಗೂ ರೈಲಿದೆ. ತುಮಕೂರಿನ ಬಡಾವಣೆಗಳಲ್ಲಿ ಇಂಥ ನೌಕರರು ದಶಕಗಳಿಂದ ವಾಸವಾಗಿದ್ದಾರೆ. ಬೆಳಗಿನ ರೈಲಿನ ಒಂದೊಂದು ಬೋಗಿಯಲ್ಲೂ ಅವರದೊಂದು ಸಂಸಾರವೇ ಇರುತ್ತದೆ. ಒಬ್ಬರು ಸೀಟು ಹಿಡಿಯುತ್ತಾರೆ, ಇನ್ನೊಬ್ಬರು ಪೇಪರು ತರುತ್ತಾರೆ, ಮಗಳ ಮದುವೆಯ ಮೊದಲ ಕರೆಯೋಲೆ ಬೋಗಿಯಲ್ಲೇ ಹಂಚಿಕೆಯಾಗುತ್ತದೆ. ತಾವು ಓಡಾಡುವ ರೈಲಿಗೆ ಹೂವು ಕಟ್ಟಿ, ಕೇಕ್ ಕತ್ತರಿಸಿ ಹುಟ್ಟುಹಬ್ಬ ಮಾಡಿದ ಪ್ರಯಾಣಿಕರು ಇವರು. ಸಮಯ ಬದಲಾಯಿಸಿದರೆ ಮನವಿ ಕೊಟ್ಟು, ಬೋಗಿ ಕಡಿಮೆಯಾದರೆ ಪ್ರಶ್ನಿಸಿ, ಈ ಮಾರ್ಗವನ್ನು ಉಳಿಸಿಕೊಂಡು ಬಂದವರೂ ಇವರೇ. 2024ರಲ್ಲಿ ಯಶವಂತಪುರಕ್ಕೆ ಮೆಮು ರೈಲು ಬಂದದ್ದರ ಹಿಂದೆ ಇಂಥವರ ವರ್ಷಗಳ ಒತ್ತಾಯವಿದೆ.

ತಿಂಗಳ ಪಾಸಿಗೆ ಕೆಲವೇ ನೂರು ರೂಪಾಯಿ. ಆದರೆ ಅದು ಕಾಯ್ದಿರಿಸದ ಬೋಗಿಗೆ ಮಾತ್ರ. ಶಿವಮೊಗ್ಗ, ಅರಸೀಕೆರೆ ಕಡೆಯಿಂದ ತುಂಬಿ ಬರುವ ರೈಲಿನಲ್ಲಿ ಆ ಬೋಗಿಯೊಳಗೆ ಕಾಲಿಡಲು ಜಾಗ ಸಿಕ್ಕರೆ ಅಂದಿನ ಪುಣ್ಯ. 2023ರ ಜೂನ್‌ನಿಂದ ಜಾರಿಯಾದ ಶಕ್ತಿ ಯೋಜನೆ ಹೆಣ್ಣುಮಕ್ಕಳ ಲೆಕ್ಕವನ್ನೇ ಬದಲಿಸಿತು. ಸರ್ಕಾರದ ಸಾಮಾನ್ಯ ಬಸ್ಸು, ವೇಗದೂತಗಳಲ್ಲಿ ಅವರಿಗೆ ಟಿಕೆಟ್ ದುಡ್ಡಿಲ್ಲ. ಬೆಂಗಳೂರಿನ ಗಾರ್ಮೆಂಟ್ಸ್‌ಗೆ, ನರ್ಸಿಂಗ್ ಹೋಮಿಗೆ, ಖಾಸಗಿ ಶಾಲೆಗೆ ಹೋಗುವ ಹೆಣ್ಣುಮಕ್ಕಳ ಸಣ್ಣ ಸಂಬಳದಲ್ಲಿ ಬಸ್ಸಿನ ಪಾಲು ಪೂರ್ತಿ ಉಳಿಯಿತು. ಅಕ್ಕನ ಲೆಕ್ಕದಲ್ಲೂ ಇದೊಂದು ದೊಡ್ಡ ಕಲಮು.

ಈಗ ಭಾವನ ದಿನವನ್ನು ತೂಗಿ ನೋಡೋಣ. ಮನೆಯಿಂದ ತುಮಕೂರು ಸ್ಟೇಷನ್ನಿಗೆ ಹೋಗಿ ರೈಲು ಕಾಯಲು ಅರ್ಧ ಗಂಟೆ. ಯಶವಂತಪುರಕ್ಕೆ ರೈಲನ್ನು ನೋಡಿಕೊಂಡು ಒಂದು ಗಂಟೆಯಿಂದ ಒಂದೂವರೆ ಗಂಟೆ. ಮೇಲುಸೇತುವೆ ಹತ್ತಿ ಮೆಟ್ರೊ ನಿಲ್ದಾಣಕ್ಕೆ ನಡೆದು, ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್ಕಿಗೆ ಬಂದು, ಅಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿ ವೈಟ್‌ಫೀಲ್ಡ್ ತಲುಪುವಾಗ ಇನ್ನೂ ಒಂದೂವರೆ ಗಂಟೆ ಕಳೆದಿರುತ್ತದೆ. ಹೋಗಲು ಮೂರು ಗಂಟೆ, ಬರಲು ಮೂರು ಗಂಟೆ. ಎಲ್ಲ ಸಮಯಕ್ಕೆ ಸರಿಯಾಗಿ ನಡೆದ ದಿನದ ಮಾತಿದು. ಮೆಟ್ರೊ ದರ 2025ರ ಫೆಬ್ರುವರಿಯಲ್ಲಿ ಏರಿದಾಗ ದೂರದ ಪ್ರಯಾಣಕ್ಕೆ ಗರಿಷ್ಠ 90 ರೂಪಾಯಿ ಆಯಿತು. ಎಲೆಕ್ಟ್ರಾನಿಕ್ ಸಿಟಿಯವರಿಗೆ ಅದೇ ವರ್ಷದ ಆಗಸ್ಟ್‌ನಲ್ಲಿ ಹಳದಿ ಮಾರ್ಗ ತೆರೆದದ್ದು ಬೆಂಗಳೂರಿನ ಒಳಗೆ ಓಡಾಡಲು ದೊಡ್ಡ ಅನುಕೂಲ. ಆದರೆ ತುಮಕೂರಿನಿಂದ ಬರುವವರಿಗೆ ಅವರ ದಾರಿಯೂ ಇಷ್ಟೇ ಉದ್ದ.

ಕಾರಿನಲ್ಲಿ ಹೋಗುತ್ತೇನೆ ಎನ್ನುವವರು ನೆಲಮಂಗಲದವರೆಗಿನ ರಸ್ತೆಯನ್ನು ನೆಚ್ಚಿ ಮಾತಾಡುತ್ತಾರೆ. ಆಮೇಲಿನದು ಗೊರಗುಂಟೆಪಾಳ್ಯ. 2021ರ ಡಿಸೆಂಬರ್‌ನಲ್ಲಿ ಪೀಣ್ಯ ಮೇಲುಸೇತುವೆಯ ಕೇಬಲ್‌ಗಳಲ್ಲಿ ದೋಷ ಕಂಡು ಸೇತುವೆ ಮುಚ್ಚಿದಾಗ ಈ ದಾರಿಯ ಓಡಾಟಗಾರರು ಪಟ್ಟ ಕಷ್ಟ ನೆನೆಯಿರಿ. ಸಣ್ಣ ವಾಹನಗಳಿಗೆ ಬೇಗ ಬಿಟ್ಟರೂ ಬಸ್ಸು, ಲಾರಿಗಳಿಗೆ ಎರಡು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ಪ್ರವೇಶವಿರಲಿಲ್ಲ. ಉತ್ತರ ಕರ್ನಾಟಕ, ಮಲೆನಾಡು, ಮುಂಬೈ ಕಡೆಯ ವಾಹನಗಳಿಗೆ ಇದೇ ಮುಖ್ಯ ಹೆಬ್ಬಾಗಿಲು. ಹಬ್ಬದ ಹಿಂದಿನ ಸಂಜೆ ಇಡೀ ಬೆಂಗಳೂರು ಊರಿಗೆ ಹೊರಟಾಗ ತುಮಕೂರಿನವರ ದಿನನಿತ್ಯದ ದಾರಿಯೂ ಕಟ್ಟುತ್ತದೆ.

ಮೆಟ್ರೊ ಬರುತ್ತದಲ್ಲ ಎಂದು ನನ್ನೊಡನೆ ವಾದಿಸಿದವರಿದ್ದಾರೆ. ಹಸಿರು ಮಾರ್ಗ 2024ರ ನವೆಂಬರ್‌ನಲ್ಲಿ ಮಾದಾವರದವರೆಗೆ ಬಂತು. ಅಲ್ಲಿಂದ ತುಮಕೂರಿಗೆ ಎಳೆಯುವ ಮಾತು ಸರ್ಕಾರದ ಕಡತಗಳಲ್ಲಿದೆ. 2022ರಲ್ಲಿ ಶಂಕುಸ್ಥಾಪನೆಯಾದ ಉಪನಗರ ರೈಲಿನ 148 ಕಿಲೋಮೀಟರ್ ಯೋಜನೆಯಲ್ಲಿ ಈ ದಿಕ್ಕಿಗೆ ಬರುವ ಮಲ್ಲಿಗೆ ಮಾರ್ಗ ಚಿಕ್ಕಬಾಣಾವರದಲ್ಲೇ ನಿಲ್ಲುತ್ತದೆ. ಇವೆಲ್ಲ ಆಗಲಿ, ಆಗಬೇಕು ಎಂದು ನಾನೂ ಹಂಬಲಿಸುತ್ತೇನೆ. ಆದರೆ ಮುಂದಿನ ಜೂನ್‌ಗೆ ಮಗುವನ್ನು ಶಾಲೆಗೆ ಸೇರಿಸುವವರು ಇಂದು ಓಡುತ್ತಿರುವ ರೈಲು, ಇಂದಿನ ಬಸ್ಸು ಇಷ್ಟನ್ನೇ ಹಿಡಿದು ತೀರ್ಮಾನ ಮಾಡಬೇಕು.

ಹೀಗಾಗಿ ಕಚೇರಿಗೆ ವಾರದಲ್ಲಿ ಎಷ್ಟು ದಿನ ಹೋಗಬೇಕು ಎಂಬುದರ ಮೇಲೆ ಎಲ್ಲವೂ ನಿಂತಿದೆ. 2020ರ ಲಾಕ್‌ಡೌನಿನಲ್ಲಿ ಲ್ಯಾಪ್‌ಟಾಪ್ ಹೊತ್ತು ಊರಿಗೆ ಬಂದ ಎಷ್ಟೋ ಜನ ಇದೇ ಶಾಶ್ವತ ಎಂದು ನಂಬಿ ಮನೆ ಕಟ್ಟಲು ಪಾಯ ಹಾಕಿದರು. ಒಂದೆರಡು ವರ್ಷದಲ್ಲಿ ಕಂಪನಿಗಳು ಕರೆದವು. ಮೊದಲು ವಾರಕ್ಕೆ ಎರಡು ದಿನ, ಆಮೇಲೆ ಮೂರು, ಕೆಲವು ಕಡೆ ಐದೂ ದಿನ. ವಾರಕ್ಕೆ ಎರಡು ದಿನವಾದರೆ ಆರು ಗಂಟೆಯ ಓಡಾಟವನ್ನು ಒಬ್ಬ ಮನುಷ್ಯ ತಾಳಿಕೊಳ್ಳಬಲ್ಲ. ಮೂರು ದಿನವಾದರೆ ಮೈ ಹೇಳುತ್ತದೆ. ಐದು ದಿನವಾದರೆ ಆತ ತುಮಕೂರಿನಲ್ಲಿ ಇರುವುದೇ ಇಲ್ಲ. ಮ್ಯಾನೇಜರ್ ಬಾಯಿಮಾತಿನಲ್ಲಿ ಕೊಟ್ಟ ಅನುಮತಿಯನ್ನು ನಂಬಿ ಹೆಂಡತಿ ಮಕ್ಕಳ ಊರು ಬದಲಿಸುವುದು ತಪ್ಪು. ಮ್ಯಾನೇಜರ್ ಬದಲಾಗುತ್ತಾರೆ, ಕಂಪನಿಯೂ ಬದಲಾದೀತು.

ಅಕ್ಕನ ಮಾತು

ಒಂದು ಸಂಜೆ ಭಾವ ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದರು. ಬಾಡಿಗೆಯಲ್ಲಿ ಇಷ್ಟು ಉಳಿತಾಯ, ಅಡ್ವಾನ್ಸಿನ ದುಡ್ಡಿನಲ್ಲಿ ಇಷ್ಟು ವಾಪಸ್ಸು, ಶಾಲೆಯ ಫೀಸಿನಲ್ಲಿ ಇಷ್ಟು. ಎಲ್ಲ ಕೂಡಿಸಿದರೆ ವರ್ಷಕ್ಕೆ ಕಣ್ಣಿಗೆ ಕಾಣುವ ಮೊತ್ತ. ಅಕ್ಕ ಕಾಗದವನ್ನು ಪೂರ್ತಿ ಓದಿದಳು.

“ಎಲ್ಲ ಸರಿಯಾಗಿದೆ ರೀ. ಬೆಳಗ್ಗೆ ಆರಕ್ಕೆ ನೀವು ಹೊರಟು ರಾತ್ರಿ ಒಂಬತ್ತಕ್ಕೆ ಬಂದರೆ ಅತ್ತೆಯನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋರು ಯಾರು, ಗ್ಯಾಸಿನವನು ಬಂದಾಗ ಮನೇಲಿರೋರು ಯಾರು, ಇವನ ಹೋಂವರ್ಕ್ ನೋಡೋರು ಯಾರು ಅಂತ ಇದರಲ್ಲಿ ಬರೆದಿಲ್ಲವಲ್ಲ. ನಾನು ಕೆಲಸ ಬಿಡ್ತೀನಿ ಅಂತ ನೀವೇ ಅಂದ್ಕೊಂಡಿದ್ದೀರಿ ಅಲ್ವಾ?”

ಭಾವ ಒಳ್ಳೆಯ ಮನುಷ್ಯ. ಹಾಗೆ ಅಂದುಕೊಂಡಿದ್ದೆ ಎಂಬುದು ಅವರಿಗೂ ಆಗಲೇ ಗೊತ್ತಾದದ್ದು.

ಊರು ಬದಲಿಸಿದ ಮನೆಗಳಲ್ಲಿ ನಾನು ಮತ್ತೆ ಮತ್ತೆ ಕಂಡದ್ದು ಇದನ್ನೇ. ಗಂಡನ ಕೆಲಸ ಬೆಂಗಳೂರಿನಲ್ಲೇ ಉಳಿಯುತ್ತದೆ, ಹೆಂಡತಿಯದು ನಿಲ್ಲುತ್ತದೆ. ಉಳಿದ ಬಾಡಿಗೆಗಿಂತ ನಿಂತುಹೋದ ಸಂಬಳ ದೊಡ್ಡದಾಗಿದ್ದರೂ ಅದನ್ನು ಯಾರೂ ನಷ್ಟದ ಕಡೆಗೆ ಬರೆಯುವುದಿಲ್ಲ. ಹತ್ತಾರು ವರ್ಷದ ಸರ್ವಿಸ್ ಇರುವ ಶಿಕ್ಷಕಿ ಹೊಸ ಊರಿನ ಖಾಸಗಿ ಶಾಲೆಯಲ್ಲಿ ಹೊಸಬಳಾಗಿ, ಕೆಳಗಿನ ಸಂಬಳದಿಂದ ಶುರು ಮಾಡಬೇಕಾಗುತ್ತದೆ. ಅಕ್ಕಪಕ್ಕದವರು, ಕಷ್ಟಕ್ಕೆ ಆಗುವ ಗೆಳತಿ, ನಂಬಿಕೆಯ ಮನೆಗೆಲಸದಾಕೆ ಇವರನ್ನೆಲ್ಲ ಸಂಪಾದಿಸಿದವಳು ಅವಳೇ, ಕಳೆದುಕೊಳ್ಳುವವಳೂ ಅವಳೇ. ಆದ್ದರಿಂದ ಈ ತೀರ್ಮಾನದಲ್ಲಿ ಕೊನೆಯ ಮಾತು ಹೆಣ್ಣುಮಕ್ಕಳದ್ದಾಗಿರಬೇಕು ಎಂದು ನಾನು ನಂಬಿದ್ದೇನೆ. ಅಲ್ಲಿ ತನಗೊಂದು ಕೆಲಸ ಸಿಕ್ಕ ಮೇಲೆ ಅವಳು ಹೂಂ ಅಂದರೆ ಹೋಗಬಹುದು. ಮೊದಲು ಹೋಗೋಣ, ಆಮೇಲೆ ಹುಡುಕಿಕೊಂಡರಾಯಿತು ಎಂದು ಹೊರಟ ಮನೆಗಳಲ್ಲಿ ಆ ಆಮೇಲೆ ಬರುವುದು ಅಪರೂಪ.

ಮಕ್ಕಳ ವಿಷಯ ಇಷ್ಟು ಕಷ್ಟದ್ದಲ್ಲ, ವಯಸ್ಸು ನೋಡಬೇಕಷ್ಟೆ. ಚಿಕ್ಕವನಿಗೆ ತುಮಕೂರು ವರವಾದೀತು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಹಿಂದಿ, ಇಂಗ್ಲಿಷ್ ಬೆರೆಸಿ ಆಡುವ ಹುಡುಗ ಇಲ್ಲಿ ಬೀದಿಯಲ್ಲಿ, ಅಂಗಡಿಯಲ್ಲಿ, ಆಟೋದಲ್ಲಿ, ಮೈದಾನದಲ್ಲಿ ಕನ್ನಡವನ್ನೇ ಕೇಳುತ್ತಾನೆ. ಅಪ್ಪ ಅಮ್ಮ ಪಾಠ ಹೇಳಿ ಕೊಡಲಾಗದ ಕನ್ನಡ ಅದು. ಬಯ್ಗುಳ ಬರುತ್ತದೆ, ಗಾದೆ ಬರುತ್ತದೆ, ಅಜ್ಜಿಯ ಜೊತೆ ಜಗಳವಾಡಲು ಬರುತ್ತದೆ. ಇದೊಂದೇ ಕಾರಣಕ್ಕೆ ಊರು ಬದಲಿಸಿದವರಿದ್ದರೆ ಅವರನ್ನು ನಾನು ಗೌರವಿಸುತ್ತೇನೆ. ಒಂಬತ್ತನೇ ತರಗತಿಯ ಮಗಳ ಮಾತು ಬೇರೆ. ಎಸ್ಸೆಸ್ಸೆಲ್ಸಿ ಮುಗಿಯುವ ಮುಂಚೆ ಅವಳನ್ನು ಕಿತ್ತು ಬೇರೆಡೆ ನೆಡುವುದು ಬೇಡ. ಹತ್ತು ಮುಗಿದು ಪಿಯುಸಿಗೆ ಕಾಲೇಜು ಹೇಗೂ ಬದಲಾಗುತ್ತದೆ. ಆ ಬೇಸಿಗೆ ಸರಿಯಾದ ಹೊತ್ತು.

ವಯಸ್ಸಾದವರ ಬಗ್ಗೆ ಬಹಳ ಜನ ತಿರುವುಮುರುವಾಗಿ ಯೋಚಿಸುತ್ತಾರೆ. ಸಣ್ಣ ಊರು, ಒಳ್ಳೆಯ ಗಾಳಿ, ಹಿರಿಯರಿಗೆ ನೆಮ್ಮದಿ ಎಂದು. ಗಾಳಿ, ನೆಮ್ಮದಿ ಎರಡೂ ನಿಜ. ಮೆಟ್ಟಿಲಿಳಿದರೆ ಬೀದಿ, ಬೀದಿಯ ತುದಿಯಲ್ಲಿ ದೇವಸ್ಥಾನ, ಮಾತಿಗೆ ಓರಗೆಯವರು ಇರುವ ಊರು ಅತ್ತೆಯವರಿಗೆ ಲಿಫ್ಟಿನ ಮೇಲಿನ ಆರನೇ ಮಹಡಿಗಿಂತ ಎಷ್ಟೋ ಮೇಲು. ಆದರೆ ಜಯದೇವ, ನಿಮ್ಹಾನ್ಸ್, ಕಿದ್ವಾಯಿಯಂಥ ದೊಡ್ಡ ಆಸ್ಪತ್ರೆಗಳು ಇರುವುದು ಬೆಂಗಳೂರಿನಲ್ಲಿ. ತಿಂಗಳಿಗೊಮ್ಮೆ ತೋರಿಸಿಕೊಂಡು ಬರುವ ಕಾಯಿಲೆಯಾದರೆ ರೈಲಿದೆ. ಹೃದಯಾಘಾತದಲ್ಲಿ ನಿಮಿಷಗಳ ಲೆಕ್ಕ. ಪಾರ್ಶ್ವವಾಯು ಬಡಿದಾಗ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ನಾಲ್ಕೂವರೆ ಗಂಟೆಯ ಗಡುವು. ತುಮಕೂರಿನಲ್ಲಿ ಜಿಲ್ಲಾಸ್ಪತ್ರೆಯಿದೆ, ವೈದ್ಯಕೀಯ ಕಾಲೇಜುಗಳಿವೆ. ಮನೆ ನೋಡುವ ಮುಂಚೆ ಆ ಆಸ್ಪತ್ರೆಗಳಿಗೆ ಹೋಗಿ ಕೇಳಬೇಕಾದದ್ದು ಒಂದೇ ಪ್ರಶ್ನೆ: ಭಾನುವಾರ ರಾತ್ರಿ ಎರಡು ಗಂಟೆಗೆ ಕರೆತಂದರೆ ಆಂಜಿಯೋಪ್ಲಾಸ್ಟಿ ಮಾಡುವ ವೈದ್ಯರು ಸಿಗುತ್ತಾರೆಯೇ? ಉತ್ತರವನ್ನು ರಿಸೆಪ್ಷನ್ನಿನಲ್ಲಿ ಕೇಳಿ ಬರಬೇಡಿ. ತುರ್ತು ಚಿಕಿತ್ಸಾ ವಿಭಾಗದ ನರ್ಸ್‌ಗಳನ್ನು ಕೇಳಿ. ಡಯಾಲಿಸಿಸ್ ಬೇಕಾದವರು ವಾರದ ಪಾಳಿಯಲ್ಲಿ ಜಾಗ ಇದೆಯೇ ಎಂದು ವಿಚಾರಿಸಿದ ಮೇಲೆಯೇ ಮುಂದಿನ ಮಾತು.

ನೀರು, ನೆಲ, ನೆರೆ

ನೀರಿಗಾಗಿ ಬೆಂಗಳೂರು ಬಿಡುತ್ತೇವೆ ಎನ್ನುವವರು ತುಮಕೂರಿನ ನೀರು ಎಲ್ಲಿಂದ ಬರುತ್ತದೆಂದು ತಿಳಿದಿರಬೇಕು. ಬೆಂಗಳೂರು ಕುಡಿಯುವುದು ಕಾವೇರಿ. 2024ರ ಬೇಸಿಗೆಯ ಹಾಹಾಕಾರದ ಬಳಿಕ ಅದೇ ಅಕ್ಟೋಬರ್‌ನಲ್ಲಿ ಐದನೇ ಹಂತದ, ದಿನಕ್ಕೆ 775 ದಶಲಕ್ಷ ಲೀಟರ್ ನೀರು 110 ಹಳ್ಳಿಗಳ ಪ್ರದೇಶಕ್ಕೆ ಹರಿಯಲು ಶುರುವಾಯಿತು. ತುಮಕೂರು ಕುಡಿಯುವುದು ಹೇಮಾವತಿ. ಹಾಸನ ಜಿಲ್ಲೆಯ ಗೊರೂರು ಅಣೆಕಟ್ಟೆಯಿಂದ ನಾಲೆಯಲ್ಲಿ ಬಂದು ಬುಗುಡನಹಳ್ಳಿ ಕೆರೆ ತುಂಬಿ, ಅಲ್ಲಿಂದ ಮನೆಗಳಿಗೆ. ಹೇಮಾವತಿ ಸೇರುವುದು ಕಾವೇರಿಯನ್ನೇ. ಕೊಡಗಿನಲ್ಲೂ ಸಕಲೇಶಪುರದ ಕಡೆಯೂ ಮಳೆ ಕೈಕೊಟ್ಟ ವರ್ಷ ಎರಡೂ ಊರು ಒಟ್ಟಿಗೇ ಬಾಯಾರುತ್ತವೆ. ನಾಲೆಯಲ್ಲಿ ನೀರು ನಿಂತು ಬುಗುಡನಹಳ್ಳಿ ಇಳಿದಾಗ ನಲ್ಲಿ ನೀರು ದಿನಗಟ್ಟಲೆ ಬಿಟ್ಟು ಬರುವುದನ್ನು ಇಲ್ಲಿನವರು ಉಂಡಿದ್ದಾರೆ. ಈ ನಾಲೆಯಿಂದ ಕುಣಿಗಲ್ ಕಡೆಗೆ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ತೆಗೆಯಲು ಹೊರಟಾಗ ಗುಬ್ಬಿ ತಾಲ್ಲೂಕಿನಲ್ಲಿ ರೈತರು ರಸ್ತೆಗಿಳಿದರು. 2025ರ ಆ ಹೋರಾಟ ನೋಡಿದವರಿಗೆ ಇಲ್ಲಿ ನೀರು ಎಷ್ಟು ನಾಜೂಕಿನ ವಿಷಯ ಎಂದು ಬಿಡಿಸಿ ಹೇಳಬೇಕಿಲ್ಲ. ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಇದೆ, ಬೋರ್‌ವೆಲ್ ಇದೆ ಎಂದಷ್ಟಕ್ಕೆ ನಿಶ್ಚಿಂತೆ ಬೇಡ.

ನನ್ನ ಸಲಹೆ: ಏಪ್ರಿಲ್ ತಿಂಗಳಲ್ಲಿ ಮನೆ ನೋಡಿ. ಸಂಪಿನ ಮುಚ್ಚಳ ತೆಗೆಸಿ. ಎಷ್ಟು ದಿನಕ್ಕೊಮ್ಮೆ ನೀರು ಬಿಡುತ್ತಾರೆ ಎಂದು ಓನರನ್ನಲ್ಲ, ಎದುರು ಮನೆಯಲ್ಲಿ ರಂಗೋಲಿ ಹಾಕುತ್ತಿರುವವರನ್ನು ಕೇಳಿ.

ಬಾಡಿಗೆಯ ಬದಲು ಸೈಟು ಕೊಂಡೇ ಹೋಗೋಣ ಎನ್ನುವವರಿಗೆ ನಾನು ಹೇಳುವುದು ಒಂದೇ ಮಾತು: ಒಂದು ವರ್ಷ ತಡೆಯಿರಿ. ಡಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರದ ಕಡೆಗೆ ಸ್ಯಾಟಲೈಟ್ ಟೌನ್ ರಿಂಗ್ ರಸ್ತೆ ಬಂದಿದೆ. ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣಕ್ಕೆ ನೋಡಿದ ಜಾಗಗಳಲ್ಲಿ ನೆಲಮಂಗಲ–ಕುಣಿಗಲ್ ರಸ್ತೆಯದೂ ಒಂದು. ಈ ಎರಡನ್ನೂ ಮೆಟ್ರೊದ ಮಾತನ್ನೂ ಸೇರಿಸಿ ಬ್ರೋಕರುಗಳು ಹೇಳುವ ದರದಲ್ಲಿ ಮುಂದಿನ ಇಪ್ಪತ್ತು ವರ್ಷದ ಆಸೆಯನ್ನು ಇಂದೇ ವಸೂಲಿ ಮಾಡಲಾಗುತ್ತಿದೆ. ಬಣ್ಣದ ಕಮಾನು, ಸಾಲು ಕಲ್ಲು ನೆಟ್ಟ ಮಾತ್ರಕ್ಕೆ ಲೇಔಟ್ ಆಗುವುದಿಲ್ಲ. ಭೂ ಪರಿವರ್ತನೆಯ ಆದೇಶ, ನಗರಾಭಿವೃದ್ಧಿ ಪ್ರಾಧಿಕಾರ ಅಂದರೆ ಟೂಡಾ ಒಪ್ಪಿದ ನಕ್ಷೆ, ಇ-ಖಾತೆ, ಪಂಚಾಯಿತಿ ವ್ಯಾಪ್ತಿಯಲ್ಲಾದರೆ ಇ-ಸ್ವತ್ತಿನ 9 ಮತ್ತು 11ನೇ ನಮೂನೆ, ಹಳೆಯ ವರ್ಷಗಳವರೆಗಿನ ಋಣಭಾರ ಪತ್ರ ಇವೆಲ್ಲ ಕೈಯಲ್ಲಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಆ ಜಮೀನು ಹಿಂದೆ ಪರಿಶಿಷ್ಟರಿಗೆ ಮಂಜೂರಾದದ್ದೇ ಎಂದು ಮೂಲ ಕಡತದಲ್ಲಿ ನೋಡಿಸಬೇಕು. 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಅನುಮತಿಯಿಲ್ಲದೆ ಅಂಥ ಜಮೀನು ಮಾರಿದರೆ ಆ ಮಾರಾಟ ನಿಲ್ಲುವುದಿಲ್ಲ. 2023ರ ತಿದ್ದುಪಡಿಯ ಬಳಿಕ ಮರಳಿ ಕೇಳಲು ಕಾಲಮಿತಿಯೂ ಇಲ್ಲ. ಆ ಕಾಯ್ದೆ ಇರಬೇಕಾದದ್ದೇ. ಬಡವನ ಭೂಮಿಯನ್ನು ಮೂರು ಕಾಸಿಗೆ ಬರೆಸಿಕೊಂಡವರ ಪಾಪದಲ್ಲಿ ಗೊತ್ತಿಲ್ಲದೆ ಪಾಲುದಾರರಾಗದಿರಲು ನಾವು ನೋಡಿಕೊಳ್ಳಬೇಕಾದದ್ದೂ ಇದೆ.

ಇನ್ನೊಂದು ವಿಷಯವನ್ನು ಊರು ಬದಲಿಸುವ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ನಾನು ಬಿಡುವುದಿಲ್ಲ. ಸಣ್ಣ ಊರಿನಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ ಎರಡನೆಯ ಪ್ರಶ್ನೆಯೋ ಮೂರನೆಯದೋ “ನೀವು ಯಾವ ಜನ?” ಎಂದಿರುತ್ತದೆ. ಕೆಲವರು ಅದನ್ನೇ ಸುತ್ತಿಬಳಸಿ, ಮನೆದೇವರು ಯಾವುದು, ಊಟದಲ್ಲಿ ಏನೇನು ನಡೆಯುತ್ತದೆ ಎಂದು ಕೇಳುತ್ತಾರೆ. ಬೆಂಗಳೂರಿನಲ್ಲಿ ಇದು ಇಲ್ಲವೆಂದಲ್ಲ, ಧಾರಾಳವಾಗಿ ಇದೆ. ಆದರೆ ದೊಡ್ಡ ಊರಿನಲ್ಲಿ ಒಂದು ಮನೆ ತಪ್ಪಿದರೆ ಹೆಸರಷ್ಟೇ ಕೇಳಿ ಕೊಡುವ ಇನ್ನೊಂದು ಮನೆ ಸಿಗುತ್ತದೆ. ಸಣ್ಣ ಊರಿನಲ್ಲಿ ಅಂಥ ಮನೆಗಳ ಸಂಖ್ಯೆ ಕಡಿಮೆ, ಸುದ್ದಿ ಬೀದಿಯಿಂದ ಬೀದಿಗೆ ಬೇಗ ಹೋಗುತ್ತದೆ. ನನ್ನ ದಲಿತ ಗೆಳೆಯರೊಬ್ಬರು ಇಂಥ ಊರೊಂದರಲ್ಲಿ ಮನೆ ಹುಡುಕಿ ಹುಡುಕಿ ಸೋತು ಬೆಂಗಳೂರಿಗೇ ಮರಳಿದರು. “ಬಾಡಿಗೆ ಜಾಸ್ತಿಯಾದರೂ ಪರವಾಗಿಲ್ಲ, ಇಲ್ಲಿ ಮಕ್ಕಳ ಮುಂದೆ ತಲೆ ತಗ್ಗಿಸಿ ನಿಲ್ಲೋ ಹಾಗಿಲ್ಲ” ಎಂದರು. ಮುಸ್ಲಿಂ ಕುಟುಂಬಗಳು, ಒಂಟಿಯಾಗಿ ಇರುವ ಹೆಣ್ಣುಮಕ್ಕಳು ಇದೇ ಮಾತನ್ನು ಬೇರೆ ಬೇರೆ ಬಗೆಯಲ್ಲಿ ಹೇಳುತ್ತಾರೆ. ಸಣ್ಣ ಊರಿನ ಆತ್ಮೀಯತೆ ಎಂದು ನಾವು ಕೊಂಡಾಡುವುದು ಯಾರ ಪಾಲಿಗೆ ಎಷ್ಟು ಎಂದು ಕೇಳದೆ, ಎಲ್ಲರೂ ಊರಿಗೆ ಮರಳಿ ಎಂದು ಕರೆಕೊಡುವುದು ನ್ಯಾಯವಲ್ಲ. ಬದಲಾವಣೆ ಇಲ್ಲೂ ಆಗುತ್ತಿದೆ. ಕಾಲೇಜುಗಳ, ಹಾಸ್ಟೆಲ್‌ಗಳ ಸುತ್ತಲಿನ ಬಡಾವಣೆಗಳಲ್ಲಿ ಎಲ್ಲ ಕಡೆಯ ಮಕ್ಕಳಿಗೆ ಮನೆ ಕೊಟ್ಟು ರೂಢಿಯಾದ ಓನರುಗಳಿದ್ದಾರೆ. ಹುಡುಕುವವರು ಅಲ್ಲಿಂದ ಶುರು ಮಾಡುವುದು ಲೇಸು.

ಹೋಗುವವರಿಂದ ಊರಿಗೂ ಭಾರವುಂಟು. ಬೆಂಗಳೂರಿನ ಸಂಬಳದವರು ಬಂದು ಕೇಳಿದಷ್ಟು ಬಾಡಿಗೆ ಕೊಟ್ಟರೆ, ಅದೇ ಬೀದಿಯಲ್ಲಿ ಸ್ಥಳೀಯ ಸಂಬಳದಲ್ಲಿ ಬದುಕುವ ಗುಮಾಸ್ತ, ಅತಿಥಿ ಉಪನ್ಯಾಸಕ, ಅಂಗಡಿಯ ಹುಡುಗ ಊರಾಚೆಗೆ ಸರಿಯಬೇಕಾಗುತ್ತದೆ. ಬಂದವರು ಕಸ ಹಾಕುತ್ತಾರೆ, ನೀರು ಬಳಸುತ್ತಾರೆ, ವೋಟು ಮಾತ್ರ ಬೆಂಗಳೂರಿನಲ್ಲೇ ಇಟ್ಟುಕೊಂಡಿರುತ್ತಾರೆ. ಹೀಗಾದರೆ ಆ ವಾರ್ಡಿನ ಚರಂಡಿಯ ಬಗ್ಗೆ ಕೇಳುವವರು ಯಾರು? ತುಮಕೂರು 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ರಸ್ತೆಗಳು ಅಗೆಸಿಕೊಂಡವು, ಕೆಲವು ಚೆನ್ನಾದವು, ಕೆಲವನ್ನು ಮತ್ತೆ ಅಗೆದರು. ಆ ಕೆಲಸದ ಲೆಕ್ಕ ಕೇಳಲು ಇಲ್ಲಿನ ಮತದಾರರಿಗಷ್ಟೇ ಕಸುವು ಇರುವುದು. ಮನೆ ಬದಲಿಸಿದ ತಿಂಗಳಲ್ಲೇ ನಮೂನೆ 8 ತುಂಬಿ ವೋಟನ್ನು ಇಲ್ಲಿಗೆ ತರಬೇಕು. ವಾರ್ಡಿನ ಸಭೆಗೆ ಹೋಗಬೇಕು. ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ನಾಟಕವಿದ್ದಾಗ ಟಿಕೆಟ್ ಕೊಂಡು ಕೂರಬೇಕು. ಇಷ್ಟೂ ಮಾಡಲು ಹೊತ್ತು ಉಳಿಯುವವರು, ನಾನು ಮೊದಲೇ ಹೇಳಿದಂತೆ, ಬದುಕನ್ನೇ ತಂದವರು. ದಿನಕ್ಕೆ ಆರು ಗಂಟೆ ರೈಲಿನಲ್ಲಿ ಕಳೆಯುವವನಿಗೆ ಯಾವ ವಾರ್ಡು, ಯಾವ ನಾಟಕ.

ಅಕ್ಕನ ಮನೆಯವರು ಈ ವರ್ಷ ಹೋಗುತ್ತಿಲ್ಲ. ಆದರೆ ಮಾತು ಅಲ್ಲಿಗೆ ನಿಂತಿಲ್ಲ. ಭಾವ ಪೀಣ್ಯ ಕಡೆಯ ಒಂದೆರಡು ಕಂಪನಿಗಳಿಗೆ ಅರ್ಜಿ ಹಾಕಿದ್ದಾರೆ. ಸಂಬಳ ಸ್ವಲ್ಪ ಕಡಿಮೆಯಾದರೂ ಒಪ್ಪಿಕೊಳ್ಳುವುದಾಗಿ ಹೇಳಿದ್ದಾರೆ. ಅಕ್ಕ ಎಸ್.ಎಸ್. ಪುರಂ ಸುತ್ತಲಿನ ಶಾಲೆಗಳಲ್ಲಿ ವಿಚಾರಿಸಿ ಬಂದಿದ್ದಾಳೆ. ಎರಡರಲ್ಲಿ ಮುಂದಿನ ವರ್ಷ ಗಣಿತಕ್ಕೆ ಜಾಗ ಆಗಬಹುದು ಎಂದಿದ್ದಾರೆ. ಮಗಳ ಎಸ್ಸೆಸ್ಸೆಲ್ಸಿ ಮುಗಿಯುವ ಬೇಸಿಗೆಗೆ, ಭಾವನದು, ಅಕ್ಕನದು ಈ ಎರಡು ಪ್ರಯತ್ನಗಳಲ್ಲಿ ಒಂದಾದರೂ ಕೈಗೂಡಿದರೆ, ಬಟವಾಡಿಯಲ್ಲೋ ಎಸ್‌ಐಟಿ ಬಡಾವಣೆಯಲ್ಲೋ ಒಂದು ವರ್ಷಕ್ಕೆ ಬಾಡಿಗೆ ಮನೆ ಹಿಡಿಯುವುದು, ಆ ವರ್ಷ ಸೈಟಿನ ಮಾತೇ ಎತ್ತದಿರುವುದು ಎಂದು ನಿಶ್ಚಯವಾಗಿದೆ. ಅತ್ತೆಯವರು ತಮ್ಮದೊಂದು ಶರತ್ತು ಸೇರಿಸಿದ್ದಾರೆ: ಮನೆ ಕೆಳಮಹಡಿಯಲ್ಲೇ ಆಗಬೇಕು.